ಏಳು ಕಿಲೋಮೀಟರಿನ ತಪ್ಪು

ಕಳೆದ ತಿಂಗಳು ನಮ್ಮ ಕಛೇರಿಗೆ ಒಂದು ನೋಟೀಸು ಬಂದಿತು. ಹೊನ್ನಾಳಿಯಲ್ಲಿ ಕಾರ್ಯಕರ್ತರ ಸಭೆ ಮುಗಿಸಿಕೊಂಡು ಚನ್ನಗಿರಿಗೆ ಹೋಗುತ್ತಿದ್ದ ಕಾರೊಂದು, ದಾರಿಯ ಒಂದು ಊರಿನೊಳಗೆ ಗಂಟೆಗೆ 50 ಕಿಲೋಮೀಟರಿನ ಮಿತಿಯಿದ್ದ ಕಡೆ 57 ಕಿಲೋಮೀಟರು ವೇಗದಲ್ಲಿ ಓಡಿತೆಂದೂ, ಅದಕ್ಕಾಗಿ 1,000 ರೂಪಾಯಿ ದಂಡ ತೆರಬೇಕೆಂದೂ ಅದರಲ್ಲಿ ಬರೆದಿತ್ತು. ಕಾರಿನ ಚಿತ್ರ, ದಿನ, ಗಂಟೆ, ನಿಮಿಷ ಎಲ್ಲವೂ ಇದ್ದವು. ಕಾರು ಓಡಿಸುತ್ತಿದ್ದವರು ಈ ಪತ್ರಿಕೆಯ ಸಂಪಾದಕರೇ. ಆದುದರಿಂದ ಈ ಸಂಗತಿಯನ್ನು ಬೇರೆ ಯಾರದೋ ಕಥೆಯೆಂದು ಹೇಳುವ ಅವಕಾಶ ನಮಗಿಲ್ಲ.

ನೋಟೀಸು ಓದಿದ ಕೂಡಲೆ ಕಛೇರಿಯಲ್ಲಿದ್ದವರಿಗೆಲ್ಲ ಸಿಟ್ಟು ಬಂದಿತು. ಏಳೇ ಏಳು ಕಿಲೋಮೀಟರು! ಇದೂ ಒಂದು ಅಪರಾಧವೆ? ರಾತ್ರಿಯಿಡೀ ಮರಳಿನ ಲಾರಿಗಳು ಊರು ನಡುಗಿಸಿಕೊಂಡು ಓಡುತ್ತವೆ, ಅವು ಯಾವ ಕ್ಯಾಮೆರಾದ ಕಣ್ಣಿಗೂ ಬೀಳುವುದಿಲ್ಲ ಎಂದರು ಒಬ್ಬರು. ಸರ್ಕಾರದ ಬೊಕ್ಕಸ ಬರಿದಾದಾಗಲೆಲ್ಲ ರಸ್ತೆಯ ಮೇಲೆ ಹೊಸ ಕ್ಯಾಮೆರಾ ಹುಟ್ಟುತ್ತದೆ ಎಂದರು ಇನ್ನೊಬ್ಬರು. ಈ ವಾರದ ಸಂಪಾದಕೀಯ ಇದೇ ಆಗಲಿ ಎಂದು ಎಲ್ಲರೂ ಕೂಡಿ ತೀರ್ಮಾನಿಸಿದರು. ನಾವೂ ಬರೆಯಲು ಕುಳಿತೆವು. ಅರ್ಧ ಪುಟ ಮುಗಿಯುವಷ್ಟರಲ್ಲಿ ‘ಸುಲಿಗೆ’ ಎಂಬ ಮಾತು ಮೂರು ಸಲ ಬಂದಿತ್ತು. ಓದುಗರಲ್ಲಿ ಬಹುಮಂದಿ ಅದನ್ನು ಮೆಚ್ಚುತ್ತಿದ್ದರು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಕಾಣದ ಜಾಗದ ಬಗ್ಗೆ ಬರೆಯುವುದು ಸರಿಯಲ್ಲವೆಂದು ತೋರಿತು. ಅಲ್ಲಿ ಫಲಕವೇ ಇರಲಿಲ್ಲವೆಂದು ನಾವು ಬರೆದಿದ್ದೆವು. ಅದು ನಿಜವೆ ಎಂದು ನೋಡಿ ಬರಲು ಮರುದಿನ ಬಸ್ಸು ಹತ್ತಿದೆವು.

ಊರಿನ ಹೆಸರು ಇಲ್ಲಿ ಬೇಡ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಅಂಥ ಊರುಗಳು ಎಷ್ಟೋ ಇವೆ. ರಸ್ತೆಯ ಒಂದು ಮಗ್ಗುಲಿಗೆ ಶಾಲೆ, ಇನ್ನೊಂದು ಮಗ್ಗುಲಿಗೆ ಹಾಲಿನ ಡೇರಿ. ಬಸ್ಸು ನಿಲ್ಲುವಲ್ಲಿ ಒಂದು ಚಹಾದ ಅಂಗಡಿ. ನಡೆಯುವವರಿಗೆ ಬೇರೆ ಹಾದಿಯಿಲ್ಲ; ಡಾಂಬರಿನ ಅಂಚೇ ಅವರ ಹಾದಿ. ನಾವು ಹೊನ್ನಾಳಿಯ ಕಡೆಯಿಂದ ಬಂದ ದಿಕ್ಕಿನಲ್ಲಿ ವೇಗಮಿತಿಯ ಫಲಕ ಇತ್ತು. ಆದರೆ ಅದರ ಮೇಲೆ ಒಂದು ಬ್ಯಾನರು ಕಟ್ಟಿದ್ದರು. ಫಲಕದ ಕೆಂಪು ಅಂಚು ಮಾತ್ರ ಹೊರಗೆ ಕಾಣುತ್ತಿತ್ತು. ಬ್ಯಾನರು ಯಾರದೆಂದು ಓದುಗರಿಗೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಅದು ನಮ್ಮದೇ ಪಕ್ಷದ ರೈತ ಸಮಾವೇಶದ ಬ್ಯಾನರು. ಸಮಾವೇಶ ಮುಗಿದು ಎರಡು ತಿಂಗಳಾಗಿತ್ತು, ಬಿಚ್ಚುವವರು ಬಿಚ್ಚಿರಲಿಲ್ಲ. ಎದುರು ದಿಕ್ಕಿನಿಂದ ಬರುವವರಿಗೋ, ಊರಿನ ಆ ತುದಿಯಲ್ಲಿ ಫಲಕವೇ ಇಲ್ಲ. ಅಲ್ಲಿ ಯಾರ ಬ್ಯಾನರೂ ಇಲ್ಲ, ನೆಟ್ಟ ಕಂಬವೂ ಇಲ್ಲ.

ಚಹಾದ ಅಂಗಡಿಯ ಮುದುಕಿಗೆ ನಮ್ಮ ದಂಡದ ಕಥೆ ಹೇಳಿದೆವು. ಆಕೆ ಕನಿಕರ ತೋರಿಸಲಿಲ್ಲ. “ನೀವು ಹೋಗೋ ಬಿರುಸು ಒಳಗೆ ಕುಂತ ನಿಮಗೆ ಗೊತ್ತಾಗಲ್ಲ ಕಣಪ್ಪ, ದಾಟೋ ನಮಗೆ ಗೊತ್ತಾಗ್ತೈತಿ” ಎಂದಳು. ನಾವು ಬರೆದಿಟ್ಟಿದ್ದ ಅರ್ಧ ಪುಟವನ್ನು ಹರಿದು ಹಾಕಿದ್ದು ಆ ಮಾತಿನ ನಂತರ.

‘ಸ್ವಲ್ಪ ಹೆಚ್ಚು’ ಎಂಬ ಮಾತು ನಮ್ಮ ಬಾಯಲ್ಲಿ ಸುಲಭವಾಗಿ ಬರುತ್ತದೆ. ಆ ಸ್ವಲ್ಪ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಪ್ರೌಢಶಾಲೆಯ ವಿಜ್ಞಾನದ ಪಾಠಕ್ಕಿಂತ ಹೆಚ್ಚಿನದು ಇದಕ್ಕೆ ಬೇಕಿಲ್ಲ. ಓಡುವ ವಸ್ತುವಿನ ಹೊಡೆತದ ಶಕ್ತಿ ವೇಗದ ಜೊತೆಗೆ ಸಮಸಮವಾಗಿ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ. 50ರಿಂದ 57ಕ್ಕೆ ವೇಗ ಏರಿದ್ದು ನೂರಕ್ಕೆ 14ರಷ್ಟು; ಶಕ್ತಿ ಏರಿದ್ದು ನೂರಕ್ಕೆ 30ರಷ್ಟು. ಇನ್ನು ಬ್ರೇಕಿನ ಲೆಕ್ಕ. ಒಣ ರಸ್ತೆ, ಒಳ್ಳೆಯ ಬ್ರೇಕು, ಎಚ್ಚರದ ಚಾಲಕ ಎಂದೇ ಇಟ್ಟುಕೊಳ್ಳೋಣ. ಮಗು ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡಾದರೂ ಬೇಕು. 50ರ ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 14 ಮೀಟರು ಸಾಗುತ್ತದೆ, ಬ್ರೇಕು ಹಿಡಿದ ಮೇಲೆ ಇನ್ನು 14 ಮೀಟರು ಸಾಗಿ, ಒಟ್ಟು 28 ಮೀಟರಿಗೆ ನಿಲ್ಲುತ್ತದೆ. 57ರ ವೇಗದ ಕಾರು ನಿಲ್ಲಲು ಸುಮಾರು 34 ಮೀಟರು ಬೇಕು. ವ್ಯತ್ಯಾಸ ಬರಿಯ ಆರು ಮೀಟರು ಎಂದು ಹೇಳಬಹುದು. ಆದರೆ ಮೊದಲನೆಯ ಕಾರು ನಿಂತುಬಿಟ್ಟ ಆ 28ನೆಯ ಮೀಟರಿನಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ ಸುಮಾರು 33 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಮಗು ಅಲ್ಲಿ ನಿಂತಿದ್ದರೆ, 50ರ ಕಾರು ಅದರ ಮುಂದೆ ನಿಲ್ಲುತ್ತದೆ. 57ರ ಕಾರು ಅದನ್ನು ಹೊಡೆದು ಮುಂದೆ ಹೋಗುತ್ತದೆ.

ಇಷ್ಟು ಅಪಾಯಕ್ಕೆ ಬದಲಾಗಿ ನಮಗೆ ದೊರೆತ ಲಾಭವೇನು? ಆ ಊರು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಕಿಲೋಮೀಟರು ಇದ್ದೀತು. 50ರ ವೇಗದಲ್ಲಿ ಅದನ್ನು ದಾಟಲು 72 ಸೆಕೆಂಡು, 57ರ ವೇಗದಲ್ಲಿ 63 ಸೆಕೆಂಡು. ಉಳಿದದ್ದು ಒಂಬತ್ತು ಸೆಕೆಂಡು. ಹೊನ್ನಾಳಿಯ ಸಭೆ ಒಂದು ಗಂಟೆ ತಡವಾಗಿ ಪ್ರಾರಂಭವಾಗಿತ್ತು. ಆ ಒಂದು ಗಂಟೆಗೆ ಬೇಸರಪಡದ ನಾವು ಈ ಒಂಬತ್ತು ಸೆಕೆಂಡಿಗಾಗಿ ಊರೊಳಗೆ ಓಡಿದೆವು.

ವೇಗಮಿತಿಯ ಜಗಳ ಹೊಸದಲ್ಲ. ಇಂಗ್ಲೆಂಡಿನಲ್ಲಿ 1865ರ ಕಾನೂನಿನಂತೆ ಯಂತ್ರದ ಬಂಡಿಗಳು ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮೀರುವಂತಿರಲಿಲ್ಲ. ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ವಾಲ್ಟರ್ ಆರ್ನಾಲ್ಡ್ ಎಂಬಾತ 2 ಮೈಲಿಯ ಮಿತಿಯಲ್ಲಿ 8 ಮೈಲಿ ಓಡಿಸಿದ. ಪೋಲೀಸಿನವನೊಬ್ಬ ಸೈಕಲ್ಲಿನಲ್ಲಿ ಬೆನ್ನಟ್ಟಿ ಅವನನ್ನು ಹಿಡಿದ. ವೇಗದ ತಪ್ಪಿಗೆ ವಿಧಿಸಿದ ದಂಡ ಒಂದು ಷಿಲ್ಲಿಂಗು. ಮೋಟಾರು ಓಡಿಸಿದವನಿಗೆ ಬಿದ್ದ ಮೊದಲ ವೇಗದಂಡ ಇದೆಂದು ಹೇಳುತ್ತಾರೆ. ಅದೇ ವರ್ಷ ಕಾನೂನು ಬದಲಾಗಿ ಮಿತಿ 14 ಮೈಲಿಗೆ ಏರಿತು. 1905ರಲ್ಲಿ ಅಲ್ಲಿಯ ಕಾರಿನ ಒಡೆಯರು ಒಂದು ಸಂಘ ಕಟ್ಟಿಕೊಂಡರು. ಪೋಲೀಸರು ಎಲ್ಲಿ ಹೊಂಚಿ ನಿಂತಿದ್ದಾರೆಂಬುದನ್ನು ಮುಂದಾಗಿ ತಿಳಿಸಿ ಸದಸ್ಯರನ್ನು ದಂಡದಿಂದ ಪಾರುಮಾಡುವುದೇ ಅದರ ಮೊದಲ ಕೆಲಸ. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾರು ಉಳ್ಳವರಿಗೆ ಅಂದೇ ಸಂಘವಿತ್ತು. ರಸ್ತೆ ದಾಟುವವರಿಗೆ ಸಂಘವಿರಲಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಲಾರಿ ಮಾಲೀಕರಿಗೆ, ಬಸ್ಸು ಮಾಲೀಕರಿಗೆ ಸಂಘಗಳಿವೆ. ದಾಟುವ ಮುದುಕಿಗೆ ಇಂದಿಗೂ ಯಾವ ಸಂಘವೂ ಇಲ್ಲ. ಆಕೆಯ ಪರವಾಗಿ ನಿಲ್ಲುವುದು ಆ ಫಲಕವೊಂದೇ.

ಸತ್ತವರ ಲೆಕ್ಕ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಮಂದಿ ಸತ್ತರು. ಸತ್ತವರಲ್ಲಿ ನೂರಕ್ಕೆ 71 ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಬರೆದಿದೆ. ಸತ್ತವರು ಯಾರು? ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದವರು, ಸುಮಾರು 19 ಮಂದಿ ನಡೆದು ಹೋಗುತ್ತಿದ್ದವರು. ಮೈಗೆ ಕಬ್ಬಿಣದ ಗೋಡೆಯಿಲ್ಲದ ಈ ಎರಡು ವರ್ಗದವರೇ ಮೂರರಲ್ಲಿ ಎರಡು ಪಾಲಿಗೆ ಹತ್ತಿರವಾಗುತ್ತಾರೆ. ವೇಗದ ಸುಖ ಒಬ್ಬರದು, ಅದರ ಬೆಲೆ ತೆರುವವರು ಇನ್ನೊಬ್ಬರು. ಶ್ರೀಸಾಮಾನ್ಯನ ಪತ್ರಿಕೆ ಎಂದು ಹೇಳಿಕೊಳ್ಳುವ ನಾವು ವೇಗಮಿತಿಯನ್ನು ಸರ್ಕಾರದ ಕಿರುಕುಳವೆಂದು ಬರೆದಿದ್ದರೆ, ಯಾರ ಪರವಾಗಿ ಬರೆದಂತಾಗುತ್ತಿತ್ತು?

ನಮ್ಮ ತಾಲ್ಲೂಕುಗಳನ್ನೇ ನೋಡೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಆಮೇಲೆ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಯಿತು. ಈ ಅವಧಿಯಲ್ಲಿ ರಸ್ತೆಗಳು ನುಣುಪಾದವು, ವಾಹನಗಳು ಹೆಚ್ಚಿದವು. ಊರುಗಳು ಮಾತ್ರ ಮೊದಲಿನಂತೆಯೇ ರಸ್ತೆಯ ಎರಡೂ ಕಡೆ ಕುಳಿತಿವೆ. ಚನ್ನಗಿರಿಯ ದಾರಿಗಳಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಹಸಿ ಗೊನೆ ಹೊತ್ತ ಸಣ್ಣ ಗಾಡಿಗಳು ಕತ್ತಲಾದ ಮೇಲೂ ಓಡಾಡುತ್ತವೆ. ಶಿವಮೊಗ್ಗದಿಂದ ಹರಿಹರಕ್ಕೆ ಹೋಗುವ ದಾರಿ ಹೊನ್ನಾಳಿ ಪೇಟೆಯನ್ನೇ ಹಾದು ಹೋಗುತ್ತದೆ. ಭತ್ತದ ಸುಗ್ಗಿಯಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಅದೇ ದಾರಿಯಲ್ಲಿ ಸಾಗುತ್ತವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಸ್ಥಳ. ಫೆಬ್ರವರಿಯ ಜಾತ್ರೆಗೆ ದೂರದೂರದ ತಾಂಡಾಗಳಿಂದ ಸಾವಿರಾರು ಮಂದಿ ಕಾಲ್ನಡಿಗೆಯಲ್ಲಿ ಬರುತ್ತಾರೆ. ಹೆಂಗಸರು ಮಕ್ಕಳು ರಾತ್ರಿ ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ. ಜಗಳೂರಿನ ಕಡೆ ಮಳೆ ಕಡಿಮೆ, ಕುರಿ ಹೆಚ್ಚು. ಹಿಂಡು ದಾಟಿಸುವವನಿಗೆ ಐದು ನಿಮಿಷವಾದರೂ ಬೇಕು. ಆ ಐದು ನಿಮಿಷವನ್ನು ಕೊಡಲಾರದ ವಾಹನಗಳು ಹೆದ್ದಾರಿಯ ತುಂಬ ಓಡುತ್ತಿವೆ. ಇಂಥ ರಸ್ತೆಗಳಲ್ಲಿ ಏಳು ಕಿಲೋಮೀಟರು ಸಣ್ಣ ಸಂಖ್ಯೆಯಲ್ಲ.

ನಾವು ದಂಡ ಕಟ್ಟಿದೆವು. ರಿಯಾಯಿತಿಗೂ ಕಾಯಲಿಲ್ಲ, ಶಿಫಾರಸಿಗೂ ಹೋಗಲಿಲ್ಲ. ಫಲಕ ಮುಚ್ಚಿತ್ತು ಎಂಬುದು ನಮಗೆ ನೆವವಾಗಲಾರದು, ಮುಚ್ಚಿದವರು ನಮ್ಮವರೇ ಆದುದರಿಂದ. ಮುಚ್ಚದೆ ಇದ್ದಿದ್ದರೂ ಶಾಲೆಯ ಮುಂದೆ ನಿಧಾನಿಸಲು ಫಲಕವೇ ಬೇಕೆಂಬ ಮನುಷ್ಯ ಕಾರು ಓಡಿಸಲು ಯೋಗ್ಯನಲ್ಲ. ಇದಿಷ್ಟು ನಮ್ಮ ತಪ್ಪಿನ ಪಾಲು. ಇನ್ನು ಕಾನೂನು ನಡೆಸುವವರ ಪಾಲನ್ನೂ ಹೇಳಬೇಕಾಗಿದೆ. ದಂಡ ಕಟ್ಟಿದವನಿಗೆ ಅದನ್ನು ಕೇಳುವ ಹಕ್ಕು ಇದೆ. ಕಟ್ಟದೆ ಕೂಗಾಡುವವನಿಗಿಂತ ಹೆಚ್ಚಾಗಿ ಇದೆ.

ವೇಗದ ದಂಡದ ಕಾನೂನು 1988ರ ಮೋಟಾರು ವಾಹನ ಕಾಯಿದೆಯ 183ನೆಯ ವಿಧಿಯಲ್ಲಿದೆ. ಮೊದಲು ಮೊದಲ ತಪ್ಪಿಗೆ ಹೆಚ್ಚೆಂದರೆ 400 ರೂಪಾಯಿ ಇತ್ತು. 2019ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿಯವರೆಗೂ ದೊಡ್ಡ ವಾಹನಕ್ಕೆ 2,000ದಿಂದ 4,000 ರೂಪಾಯಿಯವರೆಗೂ ದಂಡವನ್ನು ಏರಿಸಿತು. ಆ ದಂಡಗಳು ಹೆಚ್ಚಾದವೆಂದು ಕೂಗೆದ್ದಾಗ ಕರ್ನಾಟಕ ಸರ್ಕಾರ ಅದೇ ತಿಂಗಳು ಅನೇಕ ದಂಡಗಳನ್ನು ಇಳಿಸಿತು. ಕ್ಯಾಮೆರಾಗಳ ವಿಚಾರಕ್ಕೆ 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬೇರೆ ನಿಯಮ ಮಾಡಿತು. ಕ್ಯಾಮೆರಾ ಇಟ್ಟ ಕಡೆ ಎಚ್ಚರಿಕೆಯ ಫಲಕ ಎದ್ದು ಕಾಣುವಂತೆ ಇರಬೇಕು. ಅಳೆಯುವ ಯಂತ್ರಕ್ಕೆ ಪ್ರಮಾಣಪತ್ರವಿದ್ದು ಅದು ವರ್ಷವರ್ಷ ನವೀಕರಣವಾಗಬೇಕು. ತಪ್ಪು ನಡೆದ ಹದಿನೈದು ದಿನದೊಳಗೆ ನೋಟೀಸು ಕಳುಹಿಸಬೇಕು ಎಂದು ಆ ನಿಯಮ ಹೇಳಿತು. ನಿಯಮ ಒಳ್ಳೆಯದೇ. ಆದರೆ ನಾವು ಕಂಡ ಊರಿನ ಒಂದು ತುದಿಯಲ್ಲಿ ಮಿತಿಯ ಫಲಕವೇ ಇಲ್ಲ, ಎರಡೂ ತುದಿಗಳಲ್ಲಿ ಕ್ಯಾಮೆರಾದ ಎಚ್ಚರಿಕೆ ಇಲ್ಲ.

ಫಲಕವಿಲ್ಲದಿದ್ದರೇನು, ಕಾನೂನು ತಿಳಿದಿರಬೇಕಾದದ್ದು ಪ್ರಜೆಯ ಕರ್ತವ್ಯವಲ್ಲವೆ ಎಂದು ಅಧಿಕಾರಿಗಳು ಹೇಳಬಹುದು. ತಿಳಿಯುವುದು ಹೇಗೆ? 2018ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ವೇಗಮಿತಿಗಳನ್ನು ಏರಿಸಿ ಅಧಿಸೂಚನೆ ಹೊರಡಿಸಿತು. ಅದರಂತೆ ಕಾರಿಗೆ ನಡುವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100, ಪುರಸಭೆಯ ಎಲ್ಲೆಯಲ್ಲಿ 70, ಇತರ ರಸ್ತೆಗಳಲ್ಲಿ 70 ಕಿಲೋಮೀಟರು. 2021ರಲ್ಲಿ ಮದ್ರಾಸ್ ಹೈಕೋರ್ಟು, ವೇಗ ಹೆಚ್ಚಿದಷ್ಟೂ ಸಾವು ಹೆಚ್ಚುತ್ತದೆಂದು ಹೇಳಿ ಆ ಅಧಿಸೂಚನೆಯನ್ನು ರದ್ದುಪಡಿಸಿತು. ಇದಲ್ಲದೆ ಯಾವುದೇ ರಸ್ತೆಯಲ್ಲಿ ಮಿತಿಯನ್ನು ಇನ್ನೂ ಇಳಿಸಿ ಫಲಕ ನೆಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ದೆಹಲಿಯ ಅಧಿಸೂಚನೆ, ಮದ್ರಾಸಿನ ತೀರ್ಪು, ಬೆಂಗಳೂರಿನ ಆದೇಶ ಎಲ್ಲವನ್ನೂ ಓದಿಕೊಂಡು ಗಾಡಿ ಹತ್ತು ಎಂದು ಜಗಳೂರಿನ ರೈತನಿಗೆ ಹೇಳುವುದು ನ್ಯಾಯವಲ್ಲ. ಅವನಿಗೆ ಕಾನೂನೆಂದರೆ ರಸ್ತೆಯ ಬದಿಯ ಫಲಕ. ಅದು ಇದ್ದರೆ ಕಾನೂನು ಇದೆ. ಅದಿಲ್ಲದೆ ಕ್ಯಾಮೆರಾ ಒಂದೇ ಇದ್ದರೆ, ಕಾನೂನು ತನ್ನನ್ನು ತಿದ್ದಲು ಬಂದಿಲ್ಲ, ಹಿಡಿಯಲು ಹೊಂಚಿದೆ ಎಂದೇ ಅವನು ತಿಳಿಯುತ್ತಾನೆ.

ಎರಡನೆಯ ಮಾತು ತಪ್ಪಿನ ತೂಕದ್ದು. 57ರಲ್ಲಿ ಓಡಿದವನಿಗೂ ಅದೇ ಜಾಗದಲ್ಲಿ 107ರಲ್ಲಿ ಓಡಿದವನಿಗೂ ಕಾಯಿದೆಯ ವಿಧಿ ಒಂದೇ. 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ 130 ಕಿಲೋಮೀಟರು ಮೀರಿದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವುದಾಗಿ ಪೋಲೀಸರು ಪ್ರಕಟಿಸಿದರು. ಅದು ಸರಿಯಾದ ಕ್ರಮ. ಆದರೆ 50ರ ಮಿತಿಗೂ ಆ 130ಕ್ಕೂ ನಡುವೆ ಮೆಟ್ಟಿಲುಗಳಿರಬೇಕು. ಫ್ರಾನ್ಸ್ ದೇಶದಲ್ಲಿ ಮಿತಿಯನ್ನು 5 ಕಿಲೋಮೀಟರಿಗಿಂತ ಕಡಿಮೆ ಮೀರಿದವರ ಲೈಸೆನ್ಸಿನ ಅಂಕ ಕಳೆಯುವುದನ್ನು 2024ರ ಜನವರಿ 1ರಿಂದ ನಿಲ್ಲಿಸಿದರು. ಹಣದ ದಂಡವನ್ನು ಮಾತ್ರ ಉಳಿಸಿಕೊಂಡರು. ಸಣ್ಣ ತಪ್ಪು ತಪ್ಪೇ ಅಲ್ಲವೆಂದು ಅವರು ಹೇಳಲಿಲ್ಲ. ದೊಡ್ಡ ತಪ್ಪಿಗೆ ಸಮವಲ್ಲವೆಂದು ಹೇಳಿದರು. ನಾವು ಕೇಳುವುದೂ ಅಷ್ಟೆ.

ಮೂರನೆಯ ಮಾತು ದಂಡ ತೆರುವವನ ಶಕ್ತಿಯದು. 1,000 ರೂಪಾಯಿ ಎಲ್ಲರಿಗೂ ಒಂದೇ 1,000 ರೂಪಾಯಿಯಲ್ಲ. 2025–26ನೆಯ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಎಂದು ಗೊತ್ತುಮಾಡಿದ್ದರು. ಆ ಲೆಕ್ಕದಲ್ಲಿ ಈ ದಂಡ ಮೂರು ದಿನದ ಬೆವರಿಗೆ ಹತ್ತಿರ. ಬಾಡಿಗೆಗೆ ಸಣ್ಣ ಗಾಡಿ ಓಡಿಸುವವನಿಗೆ ಇದು ಮನೆಯ ವಾರದ ಸಂತೆ. ಹೊಲ, ತೋಟ, ಕ್ರಷರು, ಪೆಟ್ರೋಲ್ ಬಂಕು ಇರುವವನಿಗೆ ಇದು ಒಂದು ಸಂಜೆಯ ಹೋಟೆಲಿನ ಬಿಲ್ಲು. ಅವನು ದಂಡ ಕಟ್ಟಿ ಮತ್ತೆ ಓಡುತ್ತಾನೆ, ಅದನ್ನು ವೇಗದ ಬಾಡಿಗೆಯೆಂದೇ ತಿಳಿಯುತ್ತಾನೆ. ಫಿನ್ಲೆಂಡಿನಲ್ಲಿ 1921ರಿಂದ ಬೇರೆ ಪದ್ಧತಿಯಿದೆ. ಅಲ್ಲಿ ಸಣ್ಣ ಮೀರಿಕೆಗೆ ನಿಗದಿಯಾದ ದಂಡ, ದೊಡ್ಡ ಮೀರಿಕೆಗೆ ಅಪರಾಧಿಯ ದಿನದ ಆದಾಯದ ಲೆಕ್ಕದಲ್ಲಿ ದಂಡ. 2002ರಲ್ಲಿ ನೋಕಿಯಾ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು 50ರ ಮಿತಿಯಲ್ಲಿ 75ರಲ್ಲಿ ಮೋಟಾರ್ ಸೈಕಲ್ ಓಡಿಸಿದ್ದಕ್ಕೆ ಅವರಿಗೆ ವಿಧಿಸಿದ ದಂಡ 1,16,000 ಯೂರೋ. 2023ರಲ್ಲಿ ಅಲ್ಲಿಯ ಶ್ರೀಮಂತ ಉದ್ಯಮಿಯೊಬ್ಬರಿಗೆ 50ರ ಮಿತಿಯಲ್ಲಿ 82ಕ್ಕೆ ವಿಧಿಸಿದ್ದು 1,21,000 ಯೂರೋ. ಆದಾಯವನ್ನೇ ಮುಚ್ಚಿಡುವ ನಮ್ಮ ದೇಶದಲ್ಲಿ ಇದು ನಾಳೆಯೇ ಬರಲಾರದು, ಅದು ನಮಗೆ ಗೊತ್ತು. ಆದರೆ ವಾಹನದ ಬೆಲೆಯನ್ನು ಯಾರೂ ಮುಚ್ಚಿಡಲಾರರು. ರಸ್ತೆ ತೆರಿಗೆಗೆ ಅದನ್ನೇ ಆಧಾರವಾಗಿ ಹಿಡಿಯುವ ಸರ್ಕಾರ ದಂಡಕ್ಕೆ ಏಕೆ ಹಿಡಿಯಬಾರದು?

ಈ ಮಾತಿಗೆ ಸೇರಿದ್ದೇ ರಿಯಾಯಿತಿಯ ವಿಚಾರ. ಬಾಕಿ ಉಳಿದ ಸಂಚಾರ ದಂಡಗಳನ್ನು ಅರ್ಧ ಕಟ್ಟಿದರೆ ಸಾಕೆಂದು ಕರ್ನಾಟಕ ಸರ್ಕಾರ 2023ರ ಫೆಬ್ರವರಿಯಲ್ಲಿ ಹೇಳಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದನ್ನೇ ಹೇಳಿತು. ಬೊಕ್ಕಸಕ್ಕೆ ಹಣ ಬಂದಿತು ನಿಜ. ಆದರೆ ನೋಟೀಸು ಬಂದ ಕೂಡಲೆ ಹೆದರಿ ಪೂರ್ತಿ ಕಟ್ಟಿದ ಬಡವನ ಪಾಡೇನು? ಅವನು 1,000 ಕಟ್ಟಿದ. ವರ್ಷಗಟ್ಟಲೆ ನಿರ್ಲಕ್ಷಿಸಿ, ಹತ್ತಾರು ನೋಟೀಸು ಕೂಡಿಹಾಕಿಕೊಂಡವನು ಒಂದೊಂದಕ್ಕೆ 500 ಕಟ್ಟಿದ. ಕಾನೂನಿಗೆ ಮಣಿದವನು ದಡ್ಡನಾಗುವಂತೆ ಸರ್ಕಾರವೇ ನಡೆದುಕೊಂಡರೆ, ಮುಂದಿನ ಸಲ ಮಣಿಯುವವರು ಯಾರು?

ನಾಲ್ಕನೆಯ ಮಾತು ಚಾಲಕನ ಬೆನ್ನ ಹಿಂದೆ ಇರುವ ಧಣಿಯದು. ದಿನಕ್ಕೆ ಇಷ್ಟು ಟ್ರಿಪ್ಪು ಎಂಬ ಲೆಕ್ಕದಲ್ಲಿ ಸಂಬಳ ಪಡೆಯುವ ಲಾರಿ ಚಾಲಕ, ಮುಂದಿನ ಬಸ್ಸಿಗಿಂತ ಮೊದಲು ಸ್ಟ್ಯಾಂಡು ಮುಟ್ಟದಿದ್ದರೆ ಕಲೆಕ್ಷನ್ ಕಡಿಮೆಯಾಗಿ ಬೈಸಿಕೊಳ್ಳುವ ಬಸ್ಸಿನ ಚಾಲಕ, ಇವರು ವೇಗದ ಹುಚ್ಚಿಗೆ ಓಡಿಸುವವರಲ್ಲ. ಓಡಿಸಿಕೊಳ್ಳುವವರು ಬೇರೆ ಇದ್ದಾರೆ. ಕಾಯಿದೆಯ ಅದೇ 183ನೆಯ ವಿಧಿಯನ್ನು ಪೂರ್ತಿ ಓದಿದವರು ಕಡಿಮೆ. ತನ್ನ ಕೈಕೆಳಗಿನವನಿಂದ ಮಿತಿ ಮೀರಿ ಓಡಿಸುವ ಒಡೆಯನಿಗೂ ಚಾಲಕನಷ್ಟೇ ಶಿಕ್ಷೆ ಎಂದು ಅದರಲ್ಲಿದೆ. ಮಿತಿ ಮೀರದೆ ತಲುಪಲಾಗದಂಥ ವೇಳಾಪಟ್ಟಿಯನ್ನು ಪ್ರಕಟಿಸಿದರೆ ಆ ವೇಳಾಪಟ್ಟಿಯೇ ಒಡೆಯನ ಮೇಲೆ ಮೇಲುನೋಟದ ಸಾಕ್ಷ್ಯ ಎಂದೂ ಇದೆ. ಇಷ್ಟು ಹರಿತವಾದ ಕತ್ತಿಯನ್ನು ಒರೆಯಲ್ಲಿಟ್ಟು, ಚಾಲಕನ ಜೇಬನ್ನು ಮಾತ್ರ ತಡಕುವುದು ಸರಿಯಲ್ಲ. ಹಾಗೆಯೇ 2019ರಲ್ಲಿ ಸೇರಿಸಿದ 198ಎ ವಿಧಿಯಂತೆ, ನಿಗದಿಯಾದ ಗುಣಮಟ್ಟದಲ್ಲಿ ರಸ್ತೆ ಮಾಡದೆ, ಕಾಪಾಡದೆ ಅದರಿಂದ ಸಾವೋ ಅಂಗವಿಕಲತೆಯೋ ಉಂಟಾದರೆ ಹೊಣೆಗಾರ ಗುತ್ತಿಗೆದಾರನಿಗೆ, ಅಧಿಕಾರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಕ್ಯಾಮೆರಾ ರಸ್ತೆಯ ಮೇಲಿನ ಕಾರನ್ನು ನೋಡುತ್ತದೆ. ಅದೇ ರಸ್ತೆಯ ಗುಂಡಿಯನ್ನು ನೋಡಿ ನೋಟೀಸು ಬರೆಯುವವರೂ ಇರಬೇಕು.

ಇಷ್ಟೆಲ್ಲ ಕೇಳುವಾಗ ನಮ್ಮ ಜನರಿಗೂ ನಾಲ್ಕು ಮಾತು ಹೇಳದೆ ಬಿಡಲಾಗದು. ಮೆಕ್ಕೆಜೋಳವನ್ನು ಡಾಂಬರಿನ ಮೇಲೆ ಹರಡಿ, ಸುತ್ತ ಕಲ್ಲಿಟ್ಟು, ಸಂಜೆ ಜೋಳ ಬಳಿದುಕೊಂಡು ಕಲ್ಲನ್ನು ಅಲ್ಲಿಯೇ ಬಿಟ್ಟುಹೋಗುವುದು ನಮ್ಮ ತಾಲ್ಲೂಕುಗಳಲ್ಲಿ ರೂಢಿಯಾಗಿದೆ. ಕಣದ ಜಾಗವಿಲ್ಲ ಎಂಬ ರೈತನ ಕಷ್ಟ ನಿಜ, ಪಂಚಾಯಿತಿಗಳು ಒಕ್ಕಲು ಕಣ ಮಾಡಿಕೊಡಬೇಕೆಂಬ ಬೇಡಿಕೆ ನ್ಯಾಯವಾದದ್ದು. ಆದರೆ ಆ ಕಲ್ಲಿಗೆ ಬೈಕು ತಗುಲಿ ಬೀಳುವವನೂ ರೈತನ ಮಗನೇ. ಬ್ಯಾನರು ಕಟ್ಟುವ ಎಲ್ಲ ಪಕ್ಷಗಳ ಕಾರ್ಯಕರ್ತರಿಗೂ ಇದೇ ಮಾತು, ಮೊದಲು ನಮ್ಮವರಿಗೆ. ನಾಯಕರು ಬಂದಾಗ ಹತ್ತು ಕಾರುಗಳ ಸಾಲು ಊರೊಳಗೆ ಹಾರ್ನು ಹೊಡೆಯುತ್ತ ನುಗ್ಗುವುದನ್ನು ನಾವೂ ನೋಡಿದ್ದೇವೆ, ಆ ಸಾಲಿನಲ್ಲಿ ಕುಳಿತೂ ಇದ್ದೇವೆ. ಸಭೆಗೆ ತಡವಾಗಿ ಹೊರಟು ದಾರಿಯಲ್ಲಿ ಹೊತ್ತು ಉಳಿಸುವ ಅಭ್ಯಾಸವನ್ನು ಸಾರ್ವಜನಿಕ ಜೀವನದಲ್ಲಿರುವವರು ಬಿಟ್ಟರೆ, ನಮ್ಮ ರಸ್ತೆಗಳ ಅರ್ಧ ಗಾಬರಿ ಕಡಿಮೆಯಾದೀತು.

ನಮ್ಮ ಬೇಡಿಕೆಗಳು ಇವು. ಜಿಲ್ಲೆಯ ಅಧಿಕಾರಿಗಳು ಇವುಗಳಿಗೆ ಉತ್ತರ ಕೊಡಬೇಕೆಂದು ಒತ್ತಾಯಪಡಿಸುತ್ತೇವೆ. ಮೊದಲನೆಯದಾಗಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ದೊಡ್ಡ ರಸ್ತೆ ಹಾದುಹೋಗುವ ಪ್ರತಿಯೊಂದು ಊರಿನ ಎರಡೂ ತುದಿಗಳಲ್ಲಿ ವೇಗಮಿತಿಯ ಫಲಕವನ್ನು ಕನ್ನಡದ ಅಂಕಿಯಲ್ಲೂ ಇಂಗ್ಲಿಷಿನ ಅಂಕಿಯಲ್ಲೂ ನೆಡಬೇಕು. ಎರಡನೆಯದಾಗಿ, ಕ್ಯಾಮೆರಾ ಇರುವ ಕಡೆಗಳ ಪಟ್ಟಿಯನ್ನೂ, ಪ್ರತಿ ಯಂತ್ರದ ಪ್ರಮಾಣಪತ್ರದ ದಿನಾಂಕವನ್ನೂ ಪಂಚಾಯಿತಿ ಕಛೇರಿಗಳಲ್ಲಿ ಅಂಟಿಸಬೇಕು. ಮೂರನೆಯದಾಗಿ, ಈ ತಾಲ್ಲೂಕುಗಳಲ್ಲಿ ವಸೂಲಾದ ದಂಡದಲ್ಲಿ ಗೊತ್ತಾದ ಪಾಲನ್ನು ಇದೇ ರಸ್ತೆಗಳ ಕಾಲುಹಾದಿ, ದೀಪ, ಶಾಲೆಯ ಮುಂದಿನ ಉಬ್ಬುಗಳಿಗೆ ವೆಚ್ಚ ಮಾಡಬೇಕು. ಲೆಕ್ಕವನ್ನು ಜನರ ಮುಂದಿಡಬೇಕು. ನಾಲ್ಕನೆಯದಾಗಿ, ಬಾಡಿಗೆ ಲಾರಿ, ಬಸ್ಸುಗಳ ಅತಿವೇಗದ ಪ್ರತಿಯೊಂದು ಮೊಕದ್ದಮೆಯಲ್ಲಿ ಒಡೆಯನ ಹೊಣೆಯನ್ನೂ ವಿಚಾರಿಸಬೇಕು. ಐದನೆಯದಾಗಿ, ಬಾಕಿದಾರರಿಗೆ ರಿಯಾಯಿತಿ ಕೊಡುವ ಪದ್ಧತಿಯನ್ನು ನಿಲ್ಲಿಸಿ, ಬೇಗ ಕಟ್ಟುವವರಿಗೆ ಅದನ್ನು ಕೊಡಬೇಕು.

ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದು ಕ್ಯಾಮೆರಾದ ಬೆಲೆಗೆ ಎಷ್ಟೋ ಫಲಕಗಳು ಬರುತ್ತವೆ. ದಂಡದ ಉದ್ದೇಶ ಹಣವೇ ಆಗಿದ್ದರೆ ಫಲಕ ಇಲ್ಲದಿರುವುದೇ ಲಾಭ. ಉದ್ದೇಶ ಪ್ರಾಣ ಉಳಿಸುವುದಾದರೆ ಫಲಕ ಮೊದಲು, ಕ್ಯಾಮೆರಾ ಆಮೇಲೆ. ಸರ್ಕಾರದ ಉದ್ದೇಶ ಎರಡನೆಯದೇ ಎಂದು ನಾವು ನಂಬಲು ಸಿದ್ಧರಿದ್ದೇವೆ. ನಂಬಿಸುವ ಹೊಣೆ ಸರ್ಕಾರದ್ದು.

ಆ ಊರಿನ ಫಲಕದ ಮೇಲಿದ್ದ ಬ್ಯಾನರನ್ನು ನಾವು ಅಂದೇ ಬಿಚ್ಚಿ ತಂದೆವು. ಈ ವಾರದೊಳಗೆ ನಾಲ್ಕೂ ತಾಲ್ಲೂಕುಗಳ ಕಾರ್ಯಕರ್ತರು ತಮ್ಮ ತಮ್ಮ ಊರಿನ ಎರಡೂ ತುದಿಗೆ ಹೋಗಿ ನೋಡಬೇಕು. ಫಲಕ ಮುಚ್ಚಿದ್ದರೆ ಬಿಚ್ಚಬೇಕು. ಇಲ್ಲದಿದ್ದರೆ ಊರಿನ ಹೆಸರು ಬರೆದು ನಮಗೆ ಕಳುಹಿಸಬೇಕು. ಬಂದ ಹೆಸರುಗಳನ್ನೆಲ್ಲ ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ. ಕಾರಿನಲ್ಲಿ ಬರುವ ಕಾರ್ಯಕರ್ತರು ಊರೊಳಗೆ ನಿಧಾನವಾಗಿ ಬರಲಿ. ಹೊತ್ತಾದರೆ ಸಭೆ ಕಾಯುತ್ತದೆ.